ಓಮ್ನಿಯ ತುಕ್ಕಿಗೆ ಮೂರು ದಾರಿ ನೋಡಿದೆ: ಫೈಬರ್, ಗ್ಯಾಸ್ ವೆಲ್ಡಿಂಗ್, ಸಿಓಟು ಪ್ಯಾಚ್

ಮೊದಲೇ ಹೇಳಿಬಿಡುತ್ತೇನೆ. ತುಕ್ಕು ತಿಂದ ಜಾಗವನ್ನು ಪೂರ್ತಿ ಕತ್ತರಿಸಿ ತೆಗೆದು, ಅದೇ ಆಕಾರಕ್ಕೆ ಹೊಸ ತಗಡು ಬಗ್ಗಿಸಿ, ಸಿಓಟು ವೆಲ್ಡಿಂಗಿನಲ್ಲಿ (ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ ಮರೆಯಲ್ಲಿ ಕರೆಂಟಿನಿಂದ ತಂತಿ ಕರಗಿಸಿ ಹಾಕುವ ಬೆಸುಗೆ) ಅಂಚಿಗೆ ಅಂಚು ಕೂಡಿಸುವ ಕೆಲಸವೇ ನನಗೆ ಸಮ ಕಂಡದ್ದು. ಮೂರರಲ್ಲಿ ಜಾಸ್ತಿ ದುಡ್ಡು ಹೋಗುವುದೂ ಅದಕ್ಕೇ. ಉಳಿದ ಎರಡಕ್ಕೂ ದುಡ್ಡು ಹಾಕಿ, ಎರಡೂ ಕೈಕೊಟ್ಟ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಗಾಡಿ 2004ರ ಮಾರುತಿ ಓಮ್ನಿ. ಮನೆ ಉಡುಪಿ ಹತ್ತಿರದ ಕಟಪಾಡಿಯಲ್ಲಿ, ಕೆಲಸ ಅಡುಗೆಯದ್ದು. ಮದುವೆ, ಉಪನಯನ, ಗೃಹಪ್ರವೇಶ ಎಲ್ಲದಕ್ಕೂ ಪಾತ್ರೆ ಸಾಗುವುದು ಇದರಲ್ಲೇ. ಊಟ ಮುಗಿದು ಪಾತ್ರೆ ತೊಳೆಯುವಾಗ ಸಂಜೆ ನಾಲ್ಕಾಗಿರುತ್ತದೆ, ಒಣಗಿಸಲು ಯಾರಿಗೂ ಪುರುಸೊತ್ತಿಲ್ಲ, ಒದ್ದೆ ಕೊಪ್ಪರಿಗೆ, ಒದ್ದೆ ಸೌಟು, ಮಜ್ಜಿಗೆ ಕ್ಯಾನು ಎಲ್ಲ ಹಾಗೆಯೇ ಗಾಡಿಯೊಳಗೆ ಹೋಗುತ್ತವೆ. ಒಳಗಿನಿಂದ ಈ ನೀರು. ಹೊರಗಿನಿಂದ ಸಮುದ್ರದ ಗಾಳಿ, ಹೆದ್ದಾರಿ 66ರಲ್ಲಿ ಮುಂದೆ ಹೋಗುವ ಮೀನು ಲಾರಿಗಳಿಂದ ಸೋರುವ ಉಪ್ಪುನೀರು, ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಸುರಿಯುವ ಮಳೆ. ತಗಡು ಎಷ್ಟು ಅಂತ ತಡೆದೀತು?

2022ರ ಮೇ ತಿಂಗಳಲ್ಲಿ ಹಿಂದಿನ ಮ್ಯಾಟ್ ಎತ್ತಿ ನೋಡಿದರೆ ಕೆಳಗೆ ಅಂಗಳದ ಕೆಂಪು ಮಣ್ಣು ಕಾಣುತ್ತಿತ್ತು. ಅಲ್ಲಿಂದ ಶುರು.

ಫೈಬರ್ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ತುಕ್ಕು ಸ್ವಲ್ಪ ಕೆರೆದು, ಫೈಬರ್ ಮ್ಯಾಟ್ (ಗಾಜಿನ ನಾರಿನ ಬಟ್ಟೆ) ಹಾಸಿ, ರೆಸಿನ್‌ಗೆ ಹಾರ್ಡನರ್ ಬೆರೆಸಿ ಹಚ್ಚಿ, ಮೇಲಿಂದ ಪುಟ್ಟಿ ಎಳೆದು ಬಣ್ಣ ಹೊಡೆದರು. 1,800 ರೂಪಾಯಿ, ಅರ್ಧ ದಿನದ ಕೆಲಸ, ಬೆಂಕಿಯ ಹೆದರಿಕೆ ಇಲ್ಲ. ನೋಡಲು ಚಂದ ಇತ್ತು. ಆದರೆ ಫೈಬರ್ ಅಂಟಿ ಕೂತದ್ದು ತುಕ್ಕಿನ ಮೇಲೆ, ಗಟ್ಟಿ ತಗಡಿನ ಮೇಲಲ್ಲ. ಮಳೆಗಾಲ ಮುಗಿಯುವಾಗ ಅಂಚು ಬಿಟ್ಟಿತು. ಕೊಪ್ಪರಿಗೆ ಇಟ್ಟಾಗೆಲ್ಲ ಲಟಕ್ ಅಂತ ಸದ್ದು. ಎಬ್ಬಿಸಿ ನೋಡಿದರೆ ಮ್ಯಾಟಿನ ಅಡಿಯಲ್ಲಿ ನೀರು ನಿಂತು ತೂತು ಎರಡು ಪಟ್ಟು ಅಗಲವಾಗಿತ್ತು. ಫೈಬರ್ ಹಾಕಿ ಅಂತ ಯಾರಾದರೂ ಹೇಳಿದರೆ ಒಂದೇ ಮಾತು: ಭಾರ ಬೀಳುವ ಜಾಗಕ್ಕೆ, ಜಾಕ್ ಇಡುವ ಜಾಗಕ್ಕೆ, ಸೀಟ್ ಬೆಲ್ಟಿನ ಬೋಲ್ಟ್ ಇರುವ ಜಾಗಕ್ಕೆ ಬೇಡವೇ ಬೇಡ.

ಮರುವರ್ಷ ಎರಡೂ ಬದಿಯ ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್ ಹೋಗಿದೆ ಅಂತ ಗೊತ್ತಾಯಿತು. ಎರಡೂ ಒಟ್ಟಿಗೆ ಮಾಡಿಸುವಷ್ಟು ದುಡ್ಡು ಕೈಯಲ್ಲಿ ಇರಲಿಲ್ಲ. ಮೊದಲು ಎಡಬದಿ, ಆಮೇಲೆ ಬಲಬದಿ ಅಂತ ಮಾಡಿಸಿದೆ, ಬೇರೆ ಬೇರೆ ಗ್ಯಾರೇಜಿನಲ್ಲಿ, ಬೇರೆ ಬೇರೆ ರೀತಿಯಲ್ಲಿ. ಹಾಗಾಗಿ ಒಂದೇ ಗಾಡಿ, ಒಂದೇ ರಸ್ತೆ, ಒಂದೇ ಮಳೆಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ ಹಾಗಾಯಿತು.

ಎಡಬದಿ ಗ್ಯಾಸ್ ವೆಲ್ಡಿಂಗಿನಲ್ಲಿ, 2023ರ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಯ ಹೊತ್ತಿನಲ್ಲಿ. ಆಟಿಯಲ್ಲಿ ಮದುವೆ ಇಲ್ಲ, ಗಾಡಿ ಸುಮ್ನೆ ನಿಂತಿರುತ್ತದೆ, ಆಗ ಮಾಡಿಸಿದರೆ ಕೆಲಸಕ್ಕೆ ತೊಂದರೆ ಇಲ್ಲ ಅಂತ ನನ್ನ ಲೆಕ್ಕಾಚಾರ. ಆ ಲೆಕ್ಕವೇ ತಪ್ಪು. ಸಂಜೆ ಗ್ರೈಂಡರ್ ಹಿಡಿದು ಬೆಳ್ಳಗೆ ಮಾಡಿಟ್ಟ ತಗಡಿನ ಮೇಲೆ ಬೆಳಿಗ್ಗೆ ಬಂದು ನೋಡಿದರೆ ಅರಸಿನ ಎರಚಿದ ಹಾಗೆ ತೆಳ್ಳಗೆ ಹೊಸ ತುಕ್ಕು. ಅದನ್ನೇ ಬಟ್ಟೆಯಲ್ಲಿ ಒರೆಸಿ ಮೇಲಿಂದ ರೆಡ್ ಆಕ್ಸೈಡ್ ಹೊಡೆದರು. ನಾನು ಪಕ್ಕದಲ್ಲೇ ನಿಂತಿದ್ದೆ, ಕೇಳಲು ಗೊತ್ತಾಗಲಿಲ್ಲ.

ಅಲ್ಲಿ ಹಾಕಿದ್ದು ಜಿಐ ತಗಡು. ಜಿಐ ಅಂದರೆ ಸತುವಿನ ಲೇಪ ಇರುವುದು, ತುಕ್ಕು ಹಿಡಿಯುವುದಿಲ್ಲ ಅಂತ ಹೇಳಿದರು. ತಗಡು ಹಾಗೇ ಇದ್ದರೆ ಆ ಮಾತು ತಕ್ಕಮಟ್ಟಿಗೆ ಸರಿ. ಬೆಂಕಿ ತಾಗಿದಲ್ಲಿ ಸತು ಸುಟ್ಟು ಹೋಗುತ್ತದೆ, ಉಳಿಯುವುದು ಬರೀ ಕಬ್ಬಿಣ, ಅದೂ ಎಲ್ಲಕ್ಕಿಂತ ಗಟ್ಟಿ ಇರಬೇಕಾದ ಜೋಡಣೆಯ ಜಾಗದಲ್ಲಿ. ಸುಡುವಾಗ ಏಳುವ ಬಿಳಿ ಹೊಗೆ ಒಳ್ಳೆಯದಲ್ಲ. ಶೆಡ್ಡಿನಲ್ಲಿ ಅವರ ಹತ್ತಿರವೇ ಕೂತಿದ್ದ ನನಗೆ ರಾತ್ರಿ ಎಂಟು ಗಂಟೆಗೆ ಚಳಿ ಹಿಡಿದು ಮೈಕೈ ನೋವು ಶುರುವಾಯಿತು, ಮರುದಿನ ಸಂಜೆಗೆ ಬಿಟ್ಟಿತು. ವೆಲ್ಡಿಂಗ್ ಮಾಡುವವರಿಗೆ ಈ ಜ್ವರದ ಪರಿಚಯ ಚೆನ್ನಾಗಿ ಉಂಟು. ಜಿಐ ಹಾಕಲೇಬೇಕು ಅಂತಿದ್ದರೆ ಅಂಚಿನ ಸತುವನ್ನು ಮೊದಲು ತಿಕ್ಕಿ ತೆಗೆಸಿ, ನೀವು ದೂರ ನಿಲ್ಲಿ.

ಈಗ ಬಾಗಿಲಿನ ವಿಷಯ. ಓಮ್ನಿ ಇಟ್ಟುಕೊಂಡವರು ಇದನ್ನು ಸರಿಯಾಗಿ ಓದಬೇಕು.

ಓಮ್ನಿಯ ಬಾಗಿಲು ಜಾರುವ ಬಾಗಿಲು. ಕೆಳಗಿನ ರೋಲರ್ ಓಡುವ ರೈಲು, ಅಂದರೆ ಹಳಿ, ಈ ರನ್ನಿಂಗ್ ಬೋರ್ಡಿಗೆ ತಾಗಿಯೇ ಇದೆ. ಮಣ್ಣು, ನೀರು, ಬಾಳೆ ಎಲೆಯ ಚೂರು ಎಲ್ಲ ಹೋಗಿ ಕೂರುವುದು ಅಲ್ಲೇ, ತುಕ್ಕು ಮೊದಲು ಹಿಡಿಯುವುದೂ ಅಲ್ಲೇ. ಗ್ಯಾಸ್ ವೆಲ್ಡಿಂಗಿನ ಉರಿ ಒಂದು ಕಡೆ ನಿಲ್ಲುವುದಿಲ್ಲ, ಸುತ್ತಲಿನ ತಗಡೂ ಕಾಯುತ್ತದೆ. ಕಾದ ತಗಡು ಹಿಗ್ಗಿ, ಆರುವಾಗ ಎಳೆದುಕೊಂಡು ಸೊಟ್ಟ ಆಗುತ್ತದೆ. ಅವರು ಕೆಲಸಕ್ಕೆ ಅಡ್ಡ ಅಂತ ಬಾಗಿಲನ್ನು ಮೊದಲೇ ಬಿಚ್ಚಿ ಗೋಡೆಗೆ ಒರಗಿಸಿಟ್ಟಿದ್ದರು. ಪ್ಯಾಚ್ ಮುಗಿಸಿ, ಪುಟ್ಟಿ ಎಳೆದು, ಬಣ್ಣವೂ ಆದ ಮೇಲೆ ಬಾಗಿಲು ಕೂರಿಸಿದರೆ ಕೊನೆಯ ಒಂದು ಗೇಣು ಮುಚ್ಚುವುದೇ ಇಲ್ಲ. ರೈಲು ಹೆಚ್ಚೆಂದರೆ ಮೂರು ಮಿಲಿಮೀಟರ್ ಒಳಗೆ ಬಾಗಿತ್ತು, ಅಷ್ಟೇ.

ಮೂರು ಮಿಲಿಮೀಟರ್ ಅಂದರೆ ಎಷ್ಟು ಅಂತ ನನಗೆ ಆ ವರ್ಷ ಪೂರ್ತಿ ಗೊತ್ತಾಯಿತು. ಮುಚ್ಚಬೇಕಾದರೆ ಬಾಗಿಲನ್ನು ಎರಡು ಕೈಯಲ್ಲಿ ಸ್ವಲ್ಪ ಎತ್ತಿ, ಮೊಣಕಾಲಿನಿಂದ ಒತ್ತಿ ದೂಡಬೇಕು. ನನ್ನ ಜೊತೆ ಬಡಿಸಲು ಬರುವ ಹುಡುಗರಿಗೆ ಅದು ಕೂಡಲಿಲ್ಲ, ಪ್ರತಿ ಸಲ ನಾನೇ ಇಳಿದು ಬರಬೇಕಿತ್ತು. ಸರಿಮಾಡಿ ಕೊಡಿ ಅಂತ ಮತ್ತೆ ಹೋದೆ. ರೈಲು ನೇರ ಮಾಡಿದರೆ ಬಣ್ಣ ಒಡೆಯುತ್ತದೆ ಅಂತ ಹೇಳಿ ರೋಲರಿನ ತೋಳನ್ನೇ ಸುತ್ತಿಗೆಯಲ್ಲಿ ಬಡಿದು ಬಗ್ಗಿಸಿದರು. ಬಾಗಿಲು ಮುಚ್ಚಿತು, ಆದರೆ ಕೆಳಗಿನ ಅಂಚು ಗಾಡಿಯ ಮೈಗೆ ಉಜ್ಜಲು ಶುರುವಾಯಿತು. ಉಜ್ಜಿದಲ್ಲಿ ಬಣ್ಣ ಹೋಯಿತು. ಬಣ್ಣ ಹೋದಲ್ಲಿ ತುಕ್ಕು. ಒಂದು ಮದುವೆಯ ದಿನ ಪಡುಬಿದ್ರಿ ಹತ್ತಿರ ತಿರುವಿನಲ್ಲಿ ಬಾಗಿಲು ತನ್ನಿಂದ ತಾನೇ ಅರ್ಧ ಜಾರಿ ತೆರೆಯಿತು. ಅಂಚಿನಲ್ಲಿ ಕೂತಿದ್ದ ಹುಡುಗ ಸಾರಿನ ಪಾತ್ರೆಯನ್ನು ತಬ್ಬಿ ಹಿಡಿದದ್ದರಿಂದ ಪಾತ್ರೆಯೂ ಉಳಿಯಿತು, ಅವನೂ ಉಳಿದ. ಆ ದಿನ ನನ್ನ ಕೈ ನಡುಗಿದ್ದು ಇನ್ನೂ ನೆನಪಿದೆ. ಅಲ್ಲಿಂದ ಎಡ ಬಾಗಿಲನ್ನು ಒಳಗಿನಿಂದ ಹಗ್ಗ ಕಟ್ಟಿಯೇ ಇಟ್ಟೆ. ಹತ್ತುವುದು ಇಳಿಯುವುದು ಬಲಗಡೆಯಿಂದ ಮಾತ್ರ.

ಇನ್ನೊಂದು ತಪ್ಪು ಕಣ್ಣಿಗೆ ಬೀಳಲು ಒಂದು ವರ್ಷ ಬೇಕಾಯಿತು. ರನ್ನಿಂಗ್ ಬೋರ್ಡ್ ಒಳಗೆ ಟೊಳ್ಳು. ರೈಲಿನಿಂದ ಇಳಿದ ನೀರು ಹೊರಗೆ ಹೋಗಲು ಅಡಿಯಲ್ಲಿ ಕಂಪನಿಯವರೇ ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ಹೊಸ ತಗಡನ್ನು ಹಳೇ ತಗಡಿನ ಮೇಲೆ ಹೊದೆಸಿ ಬೆಸುಗೆ ಹಾಕುವಾಗ ಆ ತೂತುಗಳೂ ಮುಚ್ಚಿಹೋಗಿದ್ದವು. ಹೊದೆಸಿದ ಎರಡು ತಗಡಿನ ನಡುವೆ ನೀರು ಇಳಿದರೆ ಅದು ಒಣಗುವುದೇ ಇಲ್ಲ. 2024ರ ಮಳೆಗಾಲದ ಕೊನೆಗೆ ಪಂಕ್ಚರ್ ಆಯಿತು ಅಂತ ಎಡಬದಿಗೆ ಜಾಕ್ ಕೊಟ್ಟರೆ ಗಾಡಿ ಏಳಲಿಲ್ಲ, ಜಾಕೇ ಒಳಗೆ ಹೋಯಿತು. 5,200 ರೂಪಾಯಿಯ ಕೆಲಸ ಅಲ್ಲಿಗೆ ಮುಗಿಯಿತು.

ನಡುವೆ ರೆಡಿಮೇಡ್ ಪ್ಯಾನೆಲ್ ಕೂಡ ಒಂದು ತಂದೆ. ತಗಡು ತೆಳ್ಳಗೆ, ರೈಲಿನ ಹತ್ತಿರದ ಮಡಿಕೆ ನನ್ನ ಗಾಡಿಗೆ ಕೂರಲಿಲ್ಲ, ವಾಪಸ್ ಕೊಟ್ಟೆ.

ಬಲಬದಿ ಧನುರ್ಮಾಸದಲ್ಲಿ, 2024ರ ಡಿಸೆಂಬರ್ ಕೊನೆಯ ವಾರ. ಧನುವಿನಲ್ಲೂ ಮದುವೆ ಇಲ್ಲ, ಆದರೆ ಮಳೆಯೂ ಇಲ್ಲ. ಇದು ಮೊದಲೇ ಹೊಳೆಯಬೇಕಿತ್ತು ಅಲ್ವಾ. ಉಡುಪಿಯಲ್ಲಿ ಒಬ್ಬರು ಹಳೇ ಟಿಂಕರ್ (ಗಾಡಿಯ ತಗಡಿನ ಕೆಲಸದವರು) ಸಿಕ್ಕಿದರು. ನಾನು ಹೋದ ಕೂಡಲೇ ಬಾಗಿಲು ಬಿಚ್ಚಿಡಬೇಕಾ ಅಂತ ಕೇಳಿದೆ. "ಬೇಡ ಭಟ್ರೆ, ಬಾಗಿಲು ಅಲ್ಲೇ ಇರಲಿ. ಬಾಗಿಲೇ ನಮಗೆ ಅಳತೆ" ಅಂದರು. ಅಷ್ಟು ಕೇಳಿದ್ದೇ ನನಗೆ ಧೈರ್ಯ ಬಂತು.

ಅವರು ಮೊದಲು ಮಾಡಿದ ಕೆಲಸ ಸ್ಕ್ರೂಡ್ರೈವರ್ ಹಿಡಿದು ಚುಚ್ಚುತ್ತಾ ಹೋದದ್ದು. ಹೊರಗೆ ಕಾಣುವ ತೂತು ಒಂದು ರೂಪಾಯಿ ನಾಣ್ಯದಷ್ಟು. ಚುಚ್ಚಿದಲ್ಲೆಲ್ಲ ಒಳಗೆ ಹೋಗಿ, ಕೊನೆಗೆ ಗಟ್ಟಿ ತಗಡು ಸಿಕ್ಕಿದ್ದು ಎರಡೂವರೆ ಗೇಣು ಆಚೆ. ಅಷ್ಟನ್ನೂ ಸೀಮೆಸುಣ್ಣದಲ್ಲಿ ಗುರುತು ಹಾಕಿ ಕತ್ತರಿಸಿದರು. ನನಗೆ ಹೊಟ್ಟೆ ಉರಿಯಿತು, ಆದರೆ ಒಳಗಿನಿಂದ ಉದುರಿದ ಹುಡಿ ನೋಡಿದ ಮೇಲೆ ಸುಮ್ಮನಾದೆ. ಆಮೇಲೆ ನನ್ನ ಗಾಡಿಯಲ್ಲೇ ಇದ್ದ ಲಾಡಿನ ಬಾಕ್ಸಿನ ರಟ್ಟು ತೆಗೆದು, ಆ ಜಾಗಕ್ಕೆ ಒತ್ತಿ ಹಿಡಿದು, ಮಡಿಚಿ, ಕತ್ತರಿಸಿ ಅಚ್ಚು ಮಾಡಿದರು. ರಟ್ಟು ಸರಿಯಾಗಿ ಕೂತ ಮೇಲೆಯೇ ತಗಡು ಮುಟ್ಟಿದ್ದು. 20 ಗೇಜಿನ ಸಿಆರ್ ಶೀಟು (ಸತುವಿನ ಲೇಪ ಇಲ್ಲದ ಸಾದಾ ಉಕ್ಕಿನ ತಗಡು), ದಪ್ಪ 0.9 ಮಿಲಿಮೀಟರ್ ಹತ್ತಿರ. ಎರಡು ಆಂಗಲ್ ಪಟ್ಟಿಯ ನಡುವೆ ಕಚ್ಚಿಸಿ ಮರದ ಕೊಡತಿಯಲ್ಲಿ ಸ್ವಲ್ಪ ಸ್ವಲ್ಪವೇ ಬಡಿದು ಬಗ್ಗಿಸುವುದನ್ನು ನೋಡುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ನೀರಿನ ತೂತುಗಳನ್ನು ಹಳೇ ತುಂಡಿನಿಂದ ಅಳತೆ ತೆಗೆದು ಹೊಸದಕ್ಕೆ ಮೊದಲೇ ಕೊರೆದರು.

ಬೆಸುಗೆಗೆ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಸೀಟು ಮ್ಯಾಟು ಹೊರಗೆ ಹಾಕಿ, ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಟ್ಟು, ಪಕ್ಕದಲ್ಲಿ ಒದ್ದೆ ಗೋಣಿ ಇಟ್ಟುಕೊಂಡರು. ಫ್ಯಾನ್ ಕೂಡ ಬಂದ್. ಗಾಳಿ ಬೀಸಿದರೆ ಬೆಸುಗೆಯ ಮೇಲೆ ನಿಲ್ಲಬೇಕಾದ ಸಿಓಟು ಹಾರಿಹೋಗಿ ಬೆಸುಗೆಯಲ್ಲಿ ಸಣ್ಣ ಸಣ್ಣ ತೂತು ಬೀಳುತ್ತದಂತೆ. ಬೆಸುಗೆಯ ಒಂದು ಚುಕ್ಕೆ ಈ ತುದಿಗೆ, ಒಂದು ಆ ತುದಿಗೆ, ಆಮೇಲೆ ನಡುವೆ. ಎರಡು ಚುಕ್ಕೆ ಹಾಕಿ ನಿಲ್ಲಿಸಿ, ತಗಡು ಕೈಯಲ್ಲಿ ಮುಟ್ಟುವಷ್ಟು ಆರಲು ಬಿಟ್ಟು, ಬಾಗಿಲು ಒಮ್ಮೆ ಪೂರ್ತಿ ತೆರೆದು ಮುಚ್ಚಿ ನೋಡುವುದು. ನಡುವೆ ಒಂದು ಸಲ ಬಾಗಿಲು ಸ್ವಲ್ಪ ಬಿಗಿಯಾಯಿತು. ಆ ಚುಕ್ಕೆಯನ್ನು ಅಲ್ಲೇ ತಿಕ್ಕಿ ತೆಗೆದು, ತಗಡು ಸರಿಸಿ ಮತ್ತೆ ಹಾಕಿದರು. ಎಡಬದಿಯಲ್ಲಿ ಎಲ್ಲ ಮುಗಿದ ಮೇಲೆ ಗೊತ್ತಾದದ್ದು ಇಲ್ಲಿ ಎರಡು ನಿಮಿಷದಲ್ಲಿ ಸರಿಯಾಯಿತು. ಇಷ್ಟೇ ವ್ಯತ್ಯಾಸ ಮಾರಾಯ್ರೆ, ಆದರೆ ಇದೇ ಎಲ್ಲ.

ಮೇಲೆ ಎಪಾಕ್ಸಿ ಪ್ರೈಮರ್, ಜೋಡಣೆಗೆ ಸೀಲಂಟ್, ತೆಳ್ಳಗೆ ಪುಟ್ಟಿ, ಬಣ್ಣ. ಬೆಸುಗೆಯ ಬಿಸಿಗೆ ಟೊಳ್ಳಿನ ಒಳಗಿನ ಬಣ್ಣವೂ ಸುಟ್ಟಿರುತ್ತದೆ, ಅಲ್ಲಿಗೆ ಬ್ರಶ್ ಹೋಗುವುದಿಲ್ಲ. ಅದಕ್ಕೆ ನೀರಿನ ತೂತಿನಿಂದಲೇ ನಳಿಗೆ ತೂರಿಸಿ ವ್ಯಾಕ್ಸ್ ಸಿಂಪಡಿಸಿದರು. ಒಟ್ಟು 13,500 ರೂಪಾಯಿ, ನಾಲ್ಕು ದಿನ.

2025ರ ಮಳೆಗಾಲ ಪೂರ್ತಿ ಕಳೆದಿದೆ. ಬಲ ಬಾಗಿಲನ್ನು ಒಂದು ಕೈಯಲ್ಲಿ ಎಳೆದು ಬಿಟ್ಟರೆ ತಾನೇ ಹೋಗಿ ಮುಚ್ಚುತ್ತದೆ. ಜಾಕ್ ಕೊಟ್ಟರೆ ಗಾಡಿ ಏಳುತ್ತದೆ. ಮಳೆಯಲ್ಲಿ ನಿಲ್ಲಿಸಿದಾಗ ಅಡಿಯ ತೂತುಗಳಿಂದ ನೀರು ತೊಟ್ಟಿಕ್ಕುವುದು ಕಾಣುತ್ತದೆ, ಅದನ್ನು ನೋಡಿದರೆ ಸಮಾಧಾನ. ನಾನು ಮಾಡುವ ಕೆಲಸ ಇಷ್ಟೇ, ತಿಂಗಳಿಗೊಮ್ಮೆ ತಂತಿಯಲ್ಲಿ ಆ ತೂತುಗಳ ಮಣ್ಣು ತೆಗೆಯುವುದು, ರೈಲಿಗೆ ಒಂದು ಬಾಲ್ದಿ ಸಿಹಿನೀರು ಹೊಯ್ಯುವುದು.

ನನ್ನ ಲೆಕ್ಕ ನನ್ನದು. ದಿನಾ ಒದ್ದೆ ಪಾತ್ರೆ ಹೊರುವ ಗಾಡಿ. ಆರ್‌ಸಿ 2024ರಲ್ಲಿ ನವೀಕರಣ ಆಗಿದೆ, 5,000 ರೂಪಾಯಿ ಶುಲ್ಕ ಕಟ್ಟಿದ್ದೇನೆ, ಇನ್ನು 2029ರ ತನಕ ಓಡಿಸಬೇಕು. ಹೊಸ ಮಾರುತಿ ಈಕೋ ತೆಗೆಯಲು ಐದು ಲಕ್ಷದ ಮೇಲೆ ಬೇಕು, ನನ್ನಿಂದ ಈಗ ಆಗದು. ವಾರಕ್ಕೆರಡು ಸಲ ಮಂಗಳೂರಿಗೆ ಹೋಗಿ ಬರುವ, ಮುಂದಿನ ವರ್ಷ ಮಾರುವ ಗಾಡಿಯಾದರೆ ಗ್ಯಾಸ್ ವೆಲ್ಡಿಂಗ್ ಅಡ್ಡಿಲ್ಲ. ಆದರೆ ಬಾಗಿಲು ಬಿಚ್ಚದೆ ಮಾಡಿಸಿ, ನೀರಿನ ತೂತು ಮುಚ್ಚಲು ಬಿಡಬೇಡಿ, ಆಟಿಯಲ್ಲಂತೂ ಬೇಡ.

ಎಡಬದಿಯನ್ನು ಈ ಧನುರ್ಮಾಸಕ್ಕೆ ಅವರ ಹತ್ತಿರವೇ ಬಿಡುವುದು ಅಂತ ಮಾತಾಗಿದೆ. ಬಲಬದಿಯ ರಟ್ಟಿನ ಅಚ್ಚನ್ನು ಮಗುಚಿ ಇಟ್ಟರೆ ಎಡಬದಿಗೂ ಆಗುತ್ತದೆ ಅಂತ ಅದರ ಮೇಲೆ ನನ್ನ ಗಾಡಿಯ ನಂಬರ್ ಬರೆದು ಗ್ಯಾರೇಜಿನ ಗೋಡೆಯ ಮೊಳೆಗೆ ಸಿಕ್ಕಿಸಿ ಇಟ್ಟಿದ್ದಾರೆ. ಮೊನ್ನೆ ಹೋದಾಗ ನೋಡಿದೆ, ಅಲ್ಲೇ ಉಂಟು.