ಆರು ವರ್ಷದ ಡಿಟಿಎಚ್, ಅಮ್ಮನ ಅರ್ಧ ಗಂಟೆ

ನಮ್ಮ ಮನೆಗೆ ಈ ಡಿಟಿಎಚ್ ಬಂದಿದ್ದು 2019ರ ಫೆಬ್ರವರಿಯಲ್ಲಿ. ಟಿವಿ ಚಾನೆಲ್‌ಗಳ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಟ್ರಾಯ್‌ನವರ ಹೊಸ ನಿಯಮ ಜಾರಿಗೆ ಬಂದ ತಿಂಗಳು ಅದು. ಬೇಕಾದ ಚಾನೆಲ್ ಮಾತ್ರ ಆರಿಸಿಕೊಳ್ಳಿ, ಅಷ್ಟಕ್ಕೇ ದುಡ್ಡು ಕೊಡಿ ಅಂದರು. ಆಗ ಮೊದಲ ನೂರು ಚಾನೆಲ್‌ಗೆ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ಅದರ ಮೇಲೆ ನಾವು ಕನ್ನಡ ಪ್ಯಾಕ್ ಹಾಕಿಸಿಕೊಂಡೆವು. ಅಮ್ಮನಿಗೆ ಬೇರೆ ಭಾಷೆ ಬೇಡ.

ಚಿತ್ರ, ಧ್ವನಿ, ಡಿಶ್ ಬಗ್ಗೆ ಇಲ್ಲಿ ವಿಮರ್ಶೆ ಹಾಕಿದವರೆಲ್ಲ ಬರೆದಿದ್ದಾರೆ. ಮಳೆ ಜೋರಾದರೆ ಸಿಗ್ನಲ್ ಹೋಗುತ್ತೆ, ನಿಂತ ಮೇಲೆ ಬರುತ್ತೆ. ಅದು ನನಗೆ ದೊಡ್ಡ ವಿಷಯ ಅಲ್ಲ. ನನ್ನ ದೂರು ಬೇರೆ.

ರಾತ್ರಿ ಊಟ ಮುಗಿಸಿ, ಅಡುಗೆಮನೆ ಒರೆಸಿ, ಅಮ್ಮ ಎಲೆಯಡಿಕೆ ತಟ್ಟೆ ಹಿಡಿದುಕೊಂಡು ಬರುತ್ತಾಳೆ. ಗೋಡೆಗೆ ಒರಗಿ ಕಾಲು ಚಾಚುತ್ತಾಳೆ. ರಿಮೋಟಿಗೆ ಪ್ಲಾಸ್ಟಿಕ್ ಕವರ್ ಹಾಕಿ ರಬ್ಬರ್ ಬ್ಯಾಂಡ್ ಸುತ್ತಿದ್ದಾಳೆ, ಆರು ವರ್ಷದಲ್ಲಿ ಒಂದು ಬಟನ್ನೂ ಅಳಿಸಿಲ್ಲ. ಎಲೆಯ ತೊಟ್ಟು ಮುರಿದು, ಸೀರೆ ಸೆರಗಿಗೆ ಒರೆಸಿ, ಬೆನ್ನಿಗೆ ಸುಣ್ಣ ಸವರುತ್ತಾ ಚಾನೆಲ್ ತಿರುಗಿಸುತ್ತಾಳೆ. ಒಂದು ಸುತ್ತು ಪೂರ್ತಿ ಆಗುತ್ತೆ. ಒಂದು ಕಡೆ ಅತ್ತೆ ಸೊಸೆಗೆ ವಿಷ ಹಾಕುತ್ತಿರುತ್ತಾಳೆ, ಇನ್ನೊಂದು ಕಡೆ ಯಾರೋ ಅಳುತ್ತಿರುತ್ತಾರೆ. "ಏನೂ ಇಲ್ಲ ಕಣೋ" ಅಂತ ರಿಮೋಟು ನನ್ನ ಕಡೆ ತಳ್ಳುತ್ತಾಳೆ.

ಅವಳಿಗೆ ಬೇಕಾಗಿರುವುದು ಅರ್ಧ ಗಂಟೆ ನಗು. ಹಳೇ ಹಾಸ್ಯ ಧಾರಾವಾಹಿ 'ಸಿಲ್ಲಿ ಲಲ್ಲಿ'ಯ ಡಾಕ್ಟರ್ ವಿಠಲ್ ರಾವ್ ಬೇಕು, ಲಲಿತಾಂಬ ಬೇಕು. ಹೆಂಡತಿಗೆ ಹೆದರುವ ಪಾಂಡು ಬೇಕು.

2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ ಶುರುವಾದ ಮೇಲಿನ ಕೆಲವು ವರ್ಷ ಯಾರಿಗೆ ನೆನಪಿದೆಯೋ ಅವರಿಗೆ ನಾನು ಜಾಸ್ತಿ ಹೇಳಬೇಕಿಲ್ಲ. ಸಿಹಿಕಹಿ ಚಂದ್ರು ಅವರ 'ಪಾಪ ಪಾಂಡು', ವಿಜಯಪ್ರಸಾದ್ ಅವರ 'ಸಿಲ್ಲಿ ಲಲ್ಲಿ', ಫಣಿ ರಾಮಚಂದ್ರ ಅವರ 'ದಂಡಪಿಂಡಗಳು'. ಅಪ್ಪ ಆಗ ಇದ್ದರು. 'ಪಾಪ ಪಾಂಡು'ವಿನಲ್ಲಿ ಚಿದಾನಂದ್ ಮತ್ತು ಶಾಲಿನಿ ಜಗಳ ಶುರು ಮಾಡಿದರೆ ಅಪ್ಪ ಮುದ್ದೆ ಮುರಿಯುವುದು ಬಿಟ್ಟು ನಗುತ್ತಿದ್ದರು. ಅದಕ್ಕೂ ಹಿಂದೆ ದೂರದರ್ಶನದಲ್ಲಿ ರಮೇಶ್ ಭಟ್ ಅವರ 'ಕ್ರೇಜಿ ಕರ್ನಲ್' ಬರುತ್ತಿತ್ತು. 'ಸಿಹಿ ಕಹಿ' ಅನ್ನೋ ಧಾರಾವಾಹಿ ಎಷ್ಟು ಜನಪ್ರಿಯ ಆಯ್ತು ಅಂದರೆ, ಚಂದ್ರು ಮತ್ತು ಗೀತಾ ಇಬ್ಬರ ಹೆಸರಿಗೂ ಅದೇ ಅಂಟಿಕೊಂಡಿತು. ರವಿಶಂಕರ್ ಗೌಡ ಸಿನಿಮಾದಲ್ಲಿ ಯಾವ ಪಾತ್ರ ಮಾಡಿದರೂ ಅಮ್ಮ "ನಮ್ಮ ವಿಠಲ್ ರಾವ್" ಅಂತಲೇ ಅನ್ನೋದು. ಲಲಿತಾಂಬ ಆಗಿದ್ದ ಮಂಜುಭಾಷಿಣಿ ಕಂಡರೆ "ಸಮಾಜಸೇವಕಿ ಬಂದ್ಲು" ಅಂತಾಳೆ.

ಇವನ್ನು ಯಾಕೆ ಮತ್ತೆ ಹಾಕಲ್ಲ? ಮರುಪ್ರಸಾರಕ್ಕೆ ಚಾನೆಲ್‌ಗಳಲ್ಲಿ ಜಾಗ ಇಲ್ಲ ಅಂದರೆ ನಾನು ನಂಬಲ್ಲ. ರಾತ್ರಿ ಬಂದ ಧಾರಾವಾಹಿಯೇ ಬೆಳಿಗ್ಗೆ ಬರುತ್ತೆ, ಮಧ್ಯಾಹ್ನ ಇನ್ನೊಂದು ಸಲ ಬರುತ್ತೆ. ಹಬ್ಬಕ್ಕೆ ಹಾಕಿದ ಸಿನಿಮಾ ಮುಂದಿನ ತಿಂಗಳಲ್ಲೇ ಮತ್ತೆ ಹಾಜರು. ರಾತ್ರಿ ಹನ್ನೆರಡಾದ ಮೇಲೆ ಮೊಣಕಾಲು ನೋವಿನ ಎಣ್ಣೆ ಮಾರುತ್ತಾರೆ. ಆ ಹೊತ್ತಲ್ಲಾದರೂ ಒಂದು ಹಳೇ ಕಂತು ಹಾಕಬಹುದಲ್ವಾ? ನಾನು ರೆಕಾರ್ಡ್ ಮಾಡಿಟ್ಟು ಮರುದಿನ ಅಮ್ಮನಿಗೆ ತೋರಿಸ್ತೀನಿ.

ಕಾರಣಗಳು ಇರಬಹುದು, ನನಗೂ ಅರ್ಥ ಆಗುತ್ತೆ. ಒಂದು ಧಾರಾವಾಹಿ ಹಕ್ಕು ನಿರ್ಮಾಪಕರ ಹತ್ತಿರ ಇರುತ್ತೆ, ಇನ್ನೊಂದರದ್ದು ಚಾನೆಲ್ ಹತ್ತಿರ. ಕ್ಯಾಸೆಟ್‌ನಲ್ಲಿ ಇದ್ದದ್ದನ್ನು ಕಂಪ್ಯೂಟರಿಗೆ ಇಳಿಸಬೇಕು. ಹಳೇ ಚಿತ್ರ ಚೌಕವಾಗಿ ಕಾಣುತ್ತೆ, ಈಗಿನ ಅಗಲ ಟಿವಿಯಲ್ಲಿ ಎರಡೂ ಪಕ್ಕ ಕಪ್ಪು ಪಟ್ಟಿ ಬರುತ್ತೆ. ಬರಲಿ ಬಿಡಿ. ಅಮ್ಮನ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ, ಅವಳು ಎಚ್‌ಡಿ ಕೇಳಿಲ್ಲ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಶೂಟಿಂಗ್ ಎಲ್ಲ ನಿಂತಿತಲ್ಲ, ಆಗ ದೂರದರ್ಶನದವರು ರಾಮಾಯಣ ಹಾಕಿದರು. ಊರಿಗೆ ಊರೇ ಕೂತು ನೋಡಿತು. ಹಿಂದಿ ಹಾಸ್ಯ ಧಾರಾವಾಹಿಗಳೂ ಬಂದವು, 'ದೇಖ್ ಭಾಯ್ ದೇಖ್', 'ಶ್ರೀಮಾನ್ ಶ್ರೀಮತಿ'. ಹಳೇದನ್ನೇ ತೋರಿಸೋಕೆ ಅಂತ ಡಿಡಿ ರೆಟ್ರೋ ಅನ್ನೋ ಚಾನೆಲ್ಲೇ ಶುರು ಮಾಡಿದರು. ಮನಸ್ಸು ಮಾಡಿದರೆ ಆಗುತ್ತೆ ಅಂತ ಅವತ್ತು ಗೊತ್ತಾಯ್ತು. ಅಮ್ಮ ಹಿಂದಿ ಅರ್ಥ ಆಗದೇ ಇದ್ದರೂ ಎರಡು ದಿನ ಕೂತಳು. ಮೂರನೇ ದಿನ ಕೇಳಿದಳು, "ನಮ್ಮದು ಯಾವಾಗ ಹಾಕ್ತಾರೋ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ಡಿಟಿಎಚ್‌ನ ಸೆಟ್‌ಟಾಪ್ ಡಬ್ಬಿಯಲ್ಲಿ ನನಗೆ ತುಂಬ ಇಷ್ಟವಾಗಿದ್ದ ಒಂದು ಸಂಗತಿ ಇತ್ತು. ಅದರ ಹಿಂಬದಿಗೆ ಪೆನ್‌ಡ್ರೈವ್ ಚುಚ್ಚಿದರೆ ರೆಕಾರ್ಡ್ ಆಗುತ್ತಿತ್ತು. 2018ರಲ್ಲಿ ಪಾಪ ಪಾಂಡು ಹೊಸದಾಗಿ ಶುರುವಾಗಿತ್ತಲ್ಲ, ಅದೇ ಚಿದಾನಂದ್, ಅದೇ ಶಾಲಿನಿ. ಹೊಸದು ಹಳೇದರಷ್ಟು ಹಿಡಿಸಲಿಲ್ಲ, ಆದರೂ ಅಮ್ಮ ನಗುತ್ತಿದ್ದಳು. ಅವಳು ಜೋರಾಗಿ ನಕ್ಕ ಕಂತು ಮರುಪ್ರಸಾರ ಆಗುವಾಗ ನಾನು ರೆಕಾರ್ಡ್ ಒತ್ತುತ್ತಿದ್ದೆ. ಹಾಗೆ ಇಪ್ಪತ್ತಮೂರು ಕಂತು ಸೇರಿದ್ದವು. ಕರೆಂಟ್ ಇದ್ದು ಟಿವಿಯಲ್ಲಿ ಏನೂ ಇಲ್ಲದ ರಾತ್ರಿ, ಅದರಲ್ಲಿ ಒಂದು ಹಾಕುತ್ತಿದ್ದೆ. ಮುಂದೆ ಬರುವ ಮಾತು ಅಮ್ಮ ಮೊದಲೇ ಹೇಳಿಬಿಡೋಳು.

ಹೋದ ವರ್ಷ ಮಳೆಗಾಲದಲ್ಲಿ ಸಿಡಿಲಿಗೆ ಡಬ್ಬಿ ಸತ್ತುಹೋಯಿತು. ಹೊಸದು ಕೊಟ್ಟರು, ಎರಡೇ ದಿನದಲ್ಲಿ. ಸರ್ವೀಸ್ ಬಗ್ಗೆ ನಾನು ಕೆಟ್ಟ ಮಾತು ಆಡಲ್ಲ. ಆದರೆ ಪೆನ್‌ಡ್ರೈವ್ ಹೊಸ ಡಬ್ಬಿಯಲ್ಲಿ ಓಡಲಿಲ್ಲ, ಲ್ಯಾಪ್‌ಟಾಪ್‌ನಲ್ಲೂ ಓಡಲಿಲ್ಲ. ರೆಕಾರ್ಡ್ ಮಾಡಿದ ಡಬ್ಬಿಯಲ್ಲಿ ಮಾತ್ರ ತೆರೆಯುವ ಹಾಗೆ ಬೀಗ ಹಾಕಿರುತ್ತಾರಂತೆ. ಕೊಳ್ಳುವಾಗ ಈ ಮಾತು ಯಾರೂ ಹೇಳಲಿಲ್ಲ. ರೆಕಾರ್ಡಿಂಗ್‌ಗೋಸ್ಕರ ತೆಗೆದುಕೊಳ್ಳುವವರು ಇದೊಂದನ್ನು ಮೊದಲು ಕೇಳಿಕೊಳ್ಳಿ.

ಆ ಬೇಜಾರಿನಲ್ಲಿ ರೀಚಾರ್ಜ್ ಮಾಡದೆ ಬಿಟ್ಟಿದ್ದೆ. ದುಡ್ಡು ಕೊಡುವ ಚಾನೆಲ್ ಎಲ್ಲ ಹೋಯಿತು, ದೂರದರ್ಶನದ ಕನ್ನಡ ಚಾನೆಲ್ ಚಂದನ ಉಳಿಯಿತು. ಒಂದು ರಾತ್ರಿ ಅಮ್ಮ ರಿಮೋಟನ್ನು ನನ್ನ ಕಡೆ ತಳ್ಳಲಿಲ್ಲ. 'ಥಟ್ ಅಂತ ಹೇಳಿ' ಬರುತ್ತಿತ್ತು. 2002ರಿಂದ ಡಾ. ನಾ. ಸೋಮೇಶ್ವರ ಅದೇ ತಾಳ್ಮೆಯಿಂದ ಪ್ರಶ್ನೆ ಕೇಳುತ್ತಿದ್ದಾರೆ, ಉತ್ತರ ಹೇಳಿದವರಿಗೆ ಪುಸ್ತಕ ಕೊಡುತ್ತಿದ್ದಾರೆ. ಅವತ್ತು ಒಂದು ಗಾದೆ ಪೂರ್ತಿ ಮಾಡಿ ಅಂತ ಕೇಳಿದರು. ಅಮ್ಮ ಬಾಯಲ್ಲಿ ಎಲೆ ಇದ್ದಂಗೇ ಉತ್ತರ ಹೇಳಿದಳು. ಸರಿ ಇತ್ತು. ಅವಳ ಮುಖ ನೋಡಬೇಕಿತ್ತು ನೀವು! ನಗಿಸುವ ಕಾರ್ಯಕ್ರಮ ಅಲ್ಲ ಅದು, ಆದರೂ ಅವಳು ನಕ್ಕಳು.

ಈಗ ದಿನಾ ಅದನ್ನೇ ನೋಡುತ್ತಾಳೆ. ಇಷ್ಟೇ ಸಾಕು ಅನ್ನುವವರಿಗೆ ಈ ಡಿಟಿಎಚ್ ಬೇಕಾಗಿಲ್ಲ, ಡಿಡಿ ಫ್ರೀ ಡಿಶ್ ಹಾಕಿಸಿಕೊಳ್ಳಿ. ಚಂದನ ಬರುತ್ತೆ, ತಿಂಗಳ ಬಾಡಿಗೆ ಇಲ್ಲ. ಡಬ್ಬಿಗೆ, ಸರ್ವೀಸಿಗೆ ನಾನು ಐದಕ್ಕೆ ನಾಲ್ಕು ಕೊಡ್ತೀನಿ. ಕನ್ನಡ ಪ್ಯಾಕಿಗೆ ಎರಡು. ಹಳೇ ಹಾಸ್ಯ ಧಾರಾವಾಹಿ ಒಂದನ್ನು, ಯಾವ ಹೊತ್ತಲ್ಲಾದರೂ ಸರಿ, ಯಾರಾದರೂ ಹಾಕಿದ ದಿನ ಪ್ಯಾಕ್ ಮತ್ತೆ ಹಾಕಿಸ್ತೀನಿ, ಇಲ್ಲೇ ಬಂದು ಅಂಕವನ್ನೂ ತಿದ್ದುತ್ತೀನಿ.

ಸತ್ತ ಡಬ್ಬಿಯನ್ನು ಎಸೆದಿಲ್ಲ, ಅಟ್ಟದ ಮೇಲೆ ಇದೆ. ಪೆನ್‌ಡ್ರೈವನ್ನು ಅಮ್ಮ ತನ್ನ ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಂಡಿದ್ದಾಳೆ.