ಸಿಟ್ ಔಟಿಗೆ ಮರದ ಸೆಟ್ ತೆಗೆದುಕೊಳ್ಳುವ ಮುಂಚೆ ಮಗುಚಿ ಹಾಕಿ ನೋಡಿ

ಕರಾವಳಿಯಲ್ಲಿ ಮನೆ ಇರುವವರಿಗೆ ಇದು. ಸಿಟ್ ಔಟಿಗೋ ಅಂಗಳಕ್ಕೋ ಮರದ ಕುರ್ಚಿ, ಮೇಜು ನೋಡುತ್ತಿದ್ದರೆ, ಅಂಗಡಿಯವರು ಔಟ್‌ಡೋರ್ ಅಂದ ಮಾತ್ರಕ್ಕೆ ದುಡ್ಡು ಕೊಡಬೇಡಿ. ಯಾವ ಮರ, ಯಾವ ಸ್ಕ್ರೂ, ಯಾವ ಪಾಲಿಶ್ ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದಿದ್ದರೆ ಬೇರೆ ಅಂಗಡಿ ನೋಡಿ. ನಮ್ಮದು 38,000 ರೂಪಾಯಿ ನೀರಿಗೆ ಹೋಗಿದೆ.

ನಮ್ಮ ಮನೆ ಉಡುಪಿಯ ಮಲ್ಪೆ ಕಡೆ. ರಾತ್ರಿ ಸಮುದ್ರದ ಸದ್ದು ಕೇಳುತ್ತದೆ, ಅಷ್ಟು ಹತ್ತಿರ. ಕಳೆದ ಬೇಸಿಗೆಯಲ್ಲಿ ಎದುರಿನ ಸಿಟ್ ಔಟನ್ನು ಸ್ವಲ್ಪ ಚೆಂದ ಮಾಡಿದೆವು. ಹಳೇ ಸಿಮೆಂಟ್ ನೆಲ ತೆಗೆಸಿ ಟೈಲ್ಸ್ ಹಾಕಿಸಿದೆವು, ಮೇಲೆ ಶೀಟ್ ಬಂತು, ಬದಿಯಲ್ಲಿ ಚಟ್ಟಿಗಿಡ ಬಂತು. ಅತ್ತೆಗೆ ಸಂಜೆ ಹೊರಗೆ ಕೂತು ಹೂ ಕಟ್ಟುವ ಅಭ್ಯಾಸ. ಪ್ಲಾಸ್ಟಿಕ್ ಕುರ್ಚಿ ಅವರ ಬೆನ್ನಿಗೆ ಆಗುವುದಿಲ್ಲ. ಹಾಗಾಗಿ ಹೆದ್ದಾರಿ ಬದಿಯ ಒಂದು ದೊಡ್ಡ ಶೋರೂಮಿನಿಂದ ನಾಲ್ಕು ಕುರ್ಚಿ, ಒಂದು ಮೇಜು ತಂದೆವು. ಅಂಗಡಿಯ ಹೆಸರು ಬರೆಯುವುದಿಲ್ಲ, ವಿಷಯ ಇನ್ನೂ ಇತ್ಯರ್ಥ ಆಗಿಲ್ಲ.

"ಪಕ್ಕಾ ಸಾಗುವಾನಿ ಮೇಡಂ, ಹೊರಗೆ ಇಡ್ಲಿಕ್ಕೇ ಮಾಡಿದ್ದು. ಮಳೆ ಬಿದ್ರೂ ಎಂಥ ಆಗುದಿಲ್ಲ" ಅಂತ ಸೇಲ್ಸ್ ಹುಡುಗ ಹೇಳಿದ. ಬಿಲ್ಲಿನಲ್ಲಿ ಇದ್ದದ್ದು 'ವುಡನ್ ಸೆಟ್ 4+1' ಅಂತ ಮಾತ್ರ.

ಮೇ ಕೊನೆಯವರೆಗೆ ಏನೂ ತೊಂದರೆ ಇಲ್ಲ. ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಆಮೇಲೆ ಮಳೆ ಹಿಡಿಯಿತು. ಶೀಟ್ ಇದೆ, ನೇರ ಮಳೆ ಬೀಳುವುದಿಲ್ಲ, ನಿಜ. ಆದರೆ ನಮ್ಮ ಊರಲ್ಲಿ ಮಳೆ ಮೇಲಿನಿಂದ ಮಾತ್ರ ಬರುತ್ತದಾ? ಗಾಳಿ ಎದ್ದರೆ ಎರಚಲು ಬಾಗಿಲಿನವರೆಗೆ ಬರುತ್ತದೆ. ವರ್ಷಕ್ಕೆ ಸರಾಸರಿ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಾಗ ಇದು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಆ ನಾಲ್ಕು ತಿಂಗಳು ಒಮ್ಮೆ ಒದ್ದೆಯಾದ ಮರ ಒಣಗುವುದೇ ಇಲ್ಲ.

ಮೊದಲು ಕುರ್ಚಿ ಕಾಲುಗಳ ಬುಡ ಕಪ್ಪಾಯಿತು. ಆಮೇಲೆ ಪಾಲಿಶ್ ಪೊರೆ ಪೊರೆಯಾಗಿ ಎದ್ದಿತು. ಕೈ ಇಡುವ ಜಾಗದಲ್ಲಿ ಬೂಷ್ಟು. ಒರೆಸಿದರೆ ಮರುದಿನ ಮತ್ತೆ ಹಾಜರು. ಸ್ಕ್ರೂಗಳ ತುಕ್ಕು ಇಳಿದು ಹೊಸ ಟೈಲ್ಸ್ ಮೇಲೆ ಕಲೆ ಕೂತಿತು. ಎಷ್ಟು ತಿಕ್ಕಿದರೂ ಅದು ಹೋಗಿಲ್ಲ. ಕುರ್ಚಿಗಿಂತ ನನಗೆ ಆ ಕಲೆಯ ಮೇಲೇ ಜಾಸ್ತಿ ಸಿಟ್ಟು. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಒಂದು ಕುರ್ಚಿಯ ಕೂಡು ಬಿಟ್ಟಿತು. ಅತ್ತೆ ಪಕ್ಕದ ಗೋಡೆ ಹಿಡಿದದ್ದರಿಂದ ಬೀಳಲಿಲ್ಲ. ಮಳೆ ಬಿಟ್ಟ ಮೇಲೆ ಮೇಜಿನ ಅಡಿಯಲ್ಲಿ ದಿನಾ ಬಿಳಿ ಪುಡಿ ಉದುರಲು ಶುರುವಾಯಿತು. ಕುಟ್ಟೆ, ಅಂದರೆ ಮರ ಕೊರೆಯುವ ಹುಳ, ಹಿಡಿದಿತ್ತು.

ನಮ್ಮ ಹಳೇ ಮನೆಯ ಮಾಡಿನ ಕೆಲಸ ಮಾಡಿದ ಬಡಗಿ ಆಚಾರ್ರನ್ನು ಕರೆಸಿದೆವು. ಅವರು ಕುರ್ಚಿ ಮಗುಚಿ ಹಾಕಿ ಉಳಿಯಿಂದ ಅಡಿಯಲ್ಲಿ ಸ್ವಲ್ಪ ಕೆರೆದರು. ಮೇಲಿನ ಕಂದು ಬಣ್ಣ ಹೋದ ಕೂಡಲೇ ಒಳಗೆ ಪೂರ್ತಿ ಬಿಳಿಚಿಕೊಂಡ ಮರ.

"ಇದು ಸಾಗುವಾನಿ ಅಲ್ಲ ಮಾರಾಯ್ರೆ, ರಬ್ಬರ್. ಬಣ್ಣ ಕೊಟ್ಟದ್ದು."

ರಬ್ಬರ್ ಮರ ಕೆಟ್ಟದ್ದು ಅಂತಲ್ಲ. ಸುಳ್ಯ, ಪುತ್ತೂರು ಕಡೆಯ ತೋಟ ನೀವೂ ನೋಡಿರುತ್ತೀರಿ. 25-30 ವರ್ಷ ಆಗಿ ಹಾಲು ಕಡಿಮೆಯಾದ ಮೇಲೆ ಮರ ಕಡಿಯುತ್ತಾರೆ. ಮನೆಯೊಳಗಿನ ಊಟದ ಮೇಜಿಗೆ, ಮಂಚಕ್ಕೆ ಅದು ಒಳ್ಳೆಯದೇ. ಆದರೆ ಆ ಮರದಲ್ಲಿ ಪಿಷ್ಟ ಜಾಸ್ತಿ. ಹುಳಕ್ಕೂ ಬೂಷ್ಟಿಗೂ ಅದೇ ಆಹಾರ. ಅದಕ್ಕೇ ಕೊಯ್ದ ಕೂಡಲೇ ಬೋರಾಕ್ಸ್, ಬೋರಿಕ್ ಆಸಿಡ್ ಹಾಕಿದ ನೀರನ್ನು ಮರಕ್ಕೆ ಹಿಡಿಸಿ ಒಣಗಿಸುತ್ತಾರೆ. ಈ ಮದ್ದು ನೀರಿನಲ್ಲಿ ಕರಗುವಂಥದ್ದು. ಮಳೆ ನೀರು ತಾಗುತ್ತಾ ಇದ್ದರೆ ಮರದಿಂದ ತೊಳೆದು ಹೊರಟು ಹೋಗುತ್ತದೆ. ಅಂಗಡಿಯವರು 'ಟ್ರೀಟೆಡ್ ವುಡ್' ಅನ್ನುವುದು ನಿಜವೇ ಇರಬಹುದು. ಆದರೆ ಆ ಟ್ರೀಟ್‌ಮೆಂಟ್ ಒಳಗೆ ಇಡುವುದಕ್ಕೆ ಸಾಕು, ಎರಚಲು ಬೀಳುವ ಜಾಗಕ್ಕೆ ಸಾಲದು. ಇದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಹಾಗಂತ ಅಸಲಿ ಸಾಗುವಾನಿ ಅಂದ ಕೂಡಲೇ ನಿಶ್ಚಿಂತೆ ಅಂತಲೂ ಅಲ್ಲ. ಮಳೆ, ಗೆದ್ದಲು ಎಲ್ಲ ತಡೆಯುವುದು ಅದರ ಒಳಗಿನ ತಿರುಳು, ಎಣ್ಣೆ ಅಂಶ ಇರುವ ಕಂದು ಭಾಗ. ಸುತ್ತಲಿನ ಬಿಳಿ ಭಾಗಕ್ಕೆ ಆ ಶಕ್ತಿ ಇಲ್ಲ. ಎಳೇ ಮರದಲ್ಲಿ ಬಿಳಿಯೇ ಜಾಸ್ತಿ. ಮೇಲೆ ಬಣ್ಣ ಬಿದ್ದರೆ ಎರಡೂ ಒಂದೇ ಥರ ಕಾಣುತ್ತವೆ. ಇನ್ನು ಬರ್ಮಾ ಟೀಕ್ ಅಂತ ಹೇಳಿ ರೇಟು ಏರಿಸುವವರಿದ್ದಾರೆ. ಮ್ಯಾನ್ಮಾರ್ ದೇಶ 2014ರ ಏಪ್ರಿಲ್‌ನಲ್ಲೇ ದಿಮ್ಮಿಗಳ ರಫ್ತು ನಿಲ್ಲಿಸಿದೆ. ಹಾಗೆ ಹೇಳಿದರೆ ಎಲ್ಲಿಂದ ಬಂತು, ಕಾಗದ ತೋರಿಸಿ ಅಂತ ಕೇಳಿ, ಮುಖ ನೋಡಿ.

ಅಂಗಡಿಯಲ್ಲಿ ಕುರ್ಚಿ ಎತ್ತಿ ನೋಡಿ "ಭಾರ ಇದೆ, ಒಳ್ಳೇ ಮರ" ಅನ್ನುವುದು ಸುಮ್ನೆ. ರಬ್ಬರ್ ಮರವೂ ತೂಕದಲ್ಲಿ ಸಾಗುವಾನಿಗೆ ಹತ್ತಿರ ಹತ್ತಿರವೇ ಇರುತ್ತದೆ. ಆಚಾರ್ರು ಹೇಳಿದ್ದು ಬೇರೆ. ಪಾಲಿಶ್ ಸರಿಯಾಗಿ ತಾಗದ ಜಾಗ ಹುಡುಕಬೇಕು: ಸೀಟಿನ ಅಡಿ, ಕಾಲಿನ ತುದಿ, ಸ್ಕ್ರೂ ತೂತಿನ ಒಳಗೆ. ಅಲ್ಲಿ ಬಿಳಿ ಕಂಡರೆ ಕೆಳಗಿಡಿ. ಸಾಗುವಾನಿ ತಿರುಳಾದರೆ ಮುಟ್ಟಿದಾಗ ಸ್ವಲ್ಪ ಜಿಡ್ಡು ಸಿಗುತ್ತದೆ, ಚರ್ಮದ ಥರ ಒಂದು ವಾಸನೆಯೂ ಇರುತ್ತದೆ.

ಸ್ಕ್ರೂ ಬಗ್ಗೆ ಯಾರೂ ಯೋಚನೆ ಮಾಡುವುದಿಲ್ಲ. ನಮ್ಮ ಕಡೆ ಉಪ್ಪುಗಾಳಿಗೆ ಸಾಮಾನ್ಯ ಕಬ್ಬಿಣದ ಸ್ಕ್ರೂ ಒಂದು ಮಳೆಗಾಲ ತಡೆಯುವುದು ಕಷ್ಟ. ಸ್ಟೇನ್‌ಲೆಸ್ ಸ್ಟೀಲ್‌ನಲ್ಲೂ 304, 316 ಅಂತ ದರ್ಜೆಗಳಿವೆ. ಸಮುದ್ರದ ಹತ್ತಿರದವರು 316 ಕೇಳಬೇಕು. ಅದರಲ್ಲಿ ಮಾಲಿಬ್ಡಿನಮ್ ಎಂಬ ಲೋಹ ಸೇರಿಸಿರುತ್ತಾರೆ, ಉಪ್ಪಿಗೆ ಅದೇ ತಡೆಯುವುದು. ಇಲ್ಲದಿದ್ದರೆ ಹಿತ್ತಾಳೆ, ಆದರೆ ಲೇಪ ಕೊಟ್ಟದ್ದಲ್ಲ, ಗಟ್ಟಿ ಹಿತ್ತಾಳೆ. ಸಣ್ಣ ಅಯಸ್ಕಾಂತ ಒಂದು ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಒಳಗೆ ಕಬ್ಬಿಣ ಇದ್ದು ಮೇಲೆ ಹಿತ್ತಾಳೆ ಲೇಪ ಕೊಟ್ಟ ಸ್ಕ್ರೂ ಆದರೆ ಟಕ್ ಅಂತ ಅಂಟಿಕೊಳ್ಳುತ್ತದೆ.

ಪಾಲಿಶ್ ಕೂಡ ಕೇಳಿ. ಮೆಲಮೈನ್ ಅಂದರೆ ಅದು ಒಳಗಿನ ಸಾಮಾನಿಗೆ. ಹೊರಗೆ ಬಿರುಕು ಬಿಟ್ಟು, ಬಿರುಕಿನೊಳಗೆ ನೀರು ಹೋಗಿ, ಹೊರಗೆ ಬರಲಾಗದೆ ಕೂರುತ್ತದೆ.

ಅಂಗಡಿಗೆ ಫೋನ್ ಮಾಡಿದರೆ "ನೀರು ತಾಗಿದ್ರೆ ವಾರಂಟಿ ಇಲ್ಲ" ಅಂದರು. ಹೊರಗೆ ಇಡುವ ಕುರ್ಚಿಗೆ ನೀರು ತಾಗಬಾರದಂತೆ! ಬಿಲ್ಲಿನ ಕೆಳಗೆ 'ಮಾರಿದ ಮಾಲು ವಾಪಸ್ ಇಲ್ಲ' ಅಂತ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು, ಅದನ್ನೂ ಓದಿ ಹೇಳಿದರು. ಅದಕ್ಕೆ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಳ್ಳಲು ಒಪ್ಪದಿರುವುದೂ ಅನುಚಿತ ವ್ಯಾಪಾರವೇ. ಬಿಲ್ ಕೊಡದಿರುವುದೂ ಅದೇ ಸಾಲಿಗೆ ಬರುತ್ತದೆ. ಬೇಸಿಗೆಯಲ್ಲಿ ಕೊಂಡರೆ ಈ 30 ದಿನ ಮಳೆ ಬರುವ ಮೊದಲೇ ಮುಗಿದಿರುತ್ತದೆ. ಹಾಗಾಗಿ ತಂದ ವಾರದಲ್ಲೇ ಮಗುಚಿ ಹಾಕಿ ನೋಡುವುದು, ಸಾಧ್ಯವಾದರೆ ಗೊತ್ತಿರುವ ಆಚಾರ್ರಿಗೆ ತೋರಿಸುವುದು ಒಳ್ಳೆಯದು.

ಅವಧಿ ದಾಟಿದರೂ ದಾರಿ ಮುಚ್ಚಿಲ್ಲ. ಸುಳ್ಳು ಹೇಳಿ ಮಾರಿದ್ದರ ಬಗ್ಗೆ 2 ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಅಂಗಡಿ ಮಂಗಳೂರಿನಲ್ಲಿದ್ದು ನೀವು ಉಡುಪಿಯಲ್ಲಿದ್ದರೆ ಉಡುಪಿಯಲ್ಲೇ ಕೊಡಬಹುದು. 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕ ಇಲ್ಲ. ನಾವು ಮೊದಲು 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ಬರೆಸಿದೆವು. ಅಲ್ಲಿಯವರೆಗೆ ವಾರಂಟಿ ಇಲ್ಲ ಅನ್ನುತ್ತಿದ್ದ ಅಂಗಡಿಯವರು ಆಮೇಲೆ ತಾವಾಗಿಯೇ ಫೋನ್ ಮಾಡಿ, ಬೇರೆ ಸೆಟ್ ಕೊಡುತ್ತೇವೆ ಅಂದರು. ಅದೇ ಮಾದರಿ, ಅದೇ ಮರ! ಬೇಡ, ದುಡ್ಡು ವಾಪಸ್ ಕೊಡಿ ಅಂದಿದ್ದೇವೆ. ಉತ್ತರ ಬರದಿದ್ದರೆ ಆಯೋಗಕ್ಕೆ ಹೋಗುವುದೇ.

ಇದೇ ಥರ ಸೆಟ್ ತಂದು ಕೈಸುಟ್ಟುಕೊಂಡವರು ಇದ್ದರೆ, ಮುರಿದ ಕಾಲು, ಎದ್ದ ಪಟ್ಟಿ ಯಾವುದನ್ನೂ ಬಚ್ಚಲಿನ ಒಲೆಗೆ ಹಾಕಬೇಡಿ. ಮಾಲಿನ ದೋಷ ತಿಳಿಯಲು ಆಯೋಗ ಅದನ್ನು ಪರೀಕ್ಷೆಗೆ ಕಳಿಸಬಹುದು. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ತುಂಡು ನೋಡಿ ಯಾವ ಜಾತಿಯ ಮರ ಅಂತ ಹೇಳುತ್ತಾರೆ. ನಾವು ಮುರಿದ ಕುರ್ಚಿಯ ಕಾಲನ್ನು ಬಿಲ್ಲಿನ ಜೊತೆಗೆ ಎತ್ತಿಟ್ಟಿದ್ದೇವೆ.