ಟಚ್‌ಡಿಸೈನರ್‌ಗೆ ಜೋಡಿಸಿದ ಎಐ ಕಣ್ಣು: ರಂಗದ ಕೆಲಸಕ್ಕೆ ಎಷ್ಟು ಒದಗುತ್ತದೆ?

ನಾಟಕ ತಂಡಗಳಿಗೆ ಹಿನ್ನೆಲೆಯ ಪರದೆಯ ಮೇಲೆ ಬೀಳುವ ಚಲಿಸುವ ಚಿತ್ರಗಳನ್ನು ಮಾಡಿಕೊಡುವುದು ನನ್ನ ಕೆಲಸ. ಮಳೆ, ಹೊಗೆ, ದೀಪ, ಮೂಡಿ ಕರಗುವ ಅಕ್ಷರಗಳು ಎಲ್ಲವನ್ನೂ ಟಚ್‌ಡಿಸೈನರ್‌ನಲ್ಲೇ ಕಟ್ಟುತ್ತೇನೆ. ಟೊರಾಂಟೊದ ಡೆರಿವೇಟಿವ್ ಸಂಸ್ಥೆಯ ಈ ತಂತ್ರಾಂಶದಲ್ಲಿ ಸಾಲುಗಟ್ಟಲೆ ಕೋಡ್ ಬರೆಯಬೇಕಿಲ್ಲ. ಒಂದೊಂದು ಕೆಲಸ ಮಾಡುವ ನೋಡ್ ಎಂಬ ಪುಟ್ಟ ಪೆಟ್ಟಿಗೆಗಳನ್ನು ಪರದೆಯ ಮೇಲೆ ಒಂದಕ್ಕೊಂದು ತಂತಿಯಿಂದ ಜೋಡಿಸುತ್ತಾ ಹೋಗಬೇಕು. ಈಚೆಗೆ ಇದಕ್ಕೆ ಒಂದು ಎಐ ಸಹಾಯಕವನ್ನು ಜೋಡಿಸಿಕೊಂಡಿದ್ದೇನೆ. ಅದು ನೋಡ್‌ಗಳನ್ನು ಜೋಡಿಸಿಕೊಡುವುದರ ಬಗ್ಗೆ ಬೇರೆಯವರು ಸಾಕಷ್ಟು ಬರೆದಿದ್ದಾರೆ. ಫಲಿತಾಂಶದ ಚಿತ್ರವನ್ನು ಅದೇ ನೋಡಿ ಪರೀಕ್ಷಿಸಿದರೆ ಎಷ್ಟು ನಂಬಬಹುದು ಎಂಬುದಷ್ಟೇ ಇಲ್ಲಿನ ವಿಷಯ.

ಜೋಡಣೆ ಕಷ್ಟವಲ್ಲ. ಎಐ ಸಂಸ್ಥೆ ಆಂತ್ರೊಪಿಕ್ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ, ಎಐ ಸಹಾಯಕಗಳನ್ನು ಬೇರೆ ತಂತ್ರಾಂಶಗಳಿಗೆ ಜೋಡಿಸುವ ಎಂಸಿಪಿ ಎಂಬ ಸಂಪರ್ಕ ವಿಧಾನವನ್ನು ಈಗ ಹಲವು ಸಹಾಯಕಗಳು ಬಳಸುತ್ತವೆ. ಟಚ್‌ಡಿಸೈನರ್‌ನ ಒಳಗೇ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇರುವುದರಿಂದ, ಯಾವುದೇ ಚಿತ್ರದ ನೋಡ್ ಅನ್ನು ಒಂದೇ ಸಾಲಿನ ಆಜ್ಞೆಯಿಂದ ಕಡತವಾಗಿ ಉಳಿಸಬಹುದು. ಆ ಕಡತವನ್ನು ಸಹಾಯಕ ತೆರೆದು ನೋಡುತ್ತದೆ. ಇಷ್ಟೇ ವ್ಯವಸ್ಥೆ, ಆದರೆ ಕೆಲಸದ ರೀತಿಯನ್ನೇ ಬದಲಿಸುತ್ತದೆ.

ಈ ಬಗೆಯ ತಂತ್ರಾಂಶದಲ್ಲಿ ತಪ್ಪು ಎಂದರೆ ಕೆಂಪು ಗುರುತು ಮೂಡುವುದೇ ಆಗಬೇಕಿಲ್ಲ. ದೀಪದ ದೃಶ್ಯವೊಂದರಲ್ಲಿ ಜ್ವಾಲೆಯ ಚಿತ್ರ ಮತ್ತು ಅದರ ಮಾಸ್ಕ್ (ಚಿತ್ರದ ಯಾವ ಭಾಗ ಕಾಣಬೇಕು ಎಂದು ಹೇಳುವ ಇನ್ನೊಂದು ಚಿತ್ರ), ಎರಡರ ಇನ್‌ಪುಟ್ ಅದಲುಬದಲಾಗಿದ್ದವು. ತಂತ್ರಾಂಶದ ಮಟ್ಟಿಗೆ ಅದೂ ಸರಿಯಾದ ಜೋಡಣೆಯೇ. ಚಿತ್ರ ನೋಡುವ ಸೌಲಭ್ಯ ಇಲ್ಲದಿದ್ದಾಗ ಸಹಾಯಕ ಇಂಥ ಕಡೆ ನೋಡ್‌ಗಳ ಪಟ್ಟಿಯನ್ನು ಓದಿ, ದೋಷವಿಲ್ಲವೆಂದು ಖಾತ್ರಿಪಡಿಸಿಕೊಂಡು, ಕೆಲಸ ಮುಗಿಯಿತು ಎಂದು ಹೇಳಿಬಿಡುತ್ತಿತ್ತು. ಈಗ ಹಾಗಲ್ಲ. ಕೊನೆಯ ಚಿತ್ರ ಪೂರ್ತಿ ಕಪ್ಪಾಗಿದೆ ಎಂದು ಕಂಡಕೂಡಲೇ ಒಂದೊಂದು ನೋಡ್ ಹಿಂದೆ ಸರಿಯುತ್ತಾ, ಪ್ರತಿಯೊಂದರ ಚಿತ್ರ ತೆಗೆದು ನೋಡಿ, ಬೆಳಕು ಎಲ್ಲಿ ಆರಿತು ಎಂಬುದನ್ನು ಪತ್ತೆ ಮಾಡಿತು. ನಾಟಕದ ಹಿಂದಿನ ದಿನ ಈ ಹುಡುಕಾಟದಲ್ಲೇ ಕಣ್ಣು ಸೋಲುವುದು ಎಂಥದ್ದೆಂದು ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ.

ಚಲನೆಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಮಳೆಯ ಹನಿಗಳಿಗೆ ಬಾಲ ಬರಲು ಹಿಂದಿನ ಫ್ರೇಮನ್ನೇ ಮತ್ತೆ ಒಳಗೆ ತಂದು ಹೊಸದರೊಂದಿಗೆ ಕೂಡಿಸುತ್ತೇವೆ. ಫೀಡ್‌ಬ್ಯಾಕ್ ನೋಡ್ ಇರುವುದೇ ಅದಕ್ಕೆ. ಪ್ರತಿ ಸುತ್ತಿನಲ್ಲೂ ಹಳೆಯದು ಸಾಕಷ್ಟು ಮಬ್ಬಾಗದಿದ್ದರೆ ಬೆಳಕು ಬೆಳಕಿಗೆ ಸೇರಿ ಪರದೆಯೆಲ್ಲ ಬೆಳ್ಳಗಾಗುತ್ತದೆ. ಸಹಾಯಕ ಶುರುವಿನ ಒಂದು ಚಿತ್ರ ತೆಗೆದು ‘ಮಳೆ ಚೆನ್ನಾಗಿದೆ’ ಎಂದಿತು. ಆ ಕ್ಷಣಕ್ಕೆ ಅದು ನಿಜವೇ. ಹತ್ತನೆಯ ಮತ್ತು ಮೂವತ್ತನೆಯ ಸೆಕೆಂಡಿನ ಚಿತ್ರಗಳನ್ನೂ ತೆಗೆದು ಪಕ್ಕಪಕ್ಕ ಇಟ್ಟು ನೋಡು ಎಂದಾಗ ದೋಷವನ್ನು ತಾನಾಗಿಯೇ ಗುರುತಿಸಿ, ಪ್ರತಿ ಸುತ್ತಿನಲ್ಲೂ ಹಳೆಯ ಫ್ರೇಮಿನ ಬೆಳಕು ಎಷ್ಟು ಉಳಿಯಬೇಕು ಎಂಬ ಬೆಲೆಯನ್ನು 0.98ರಿಂದ 0.92ಕ್ಕೆ ಇಳಿಸಿತು. ಸೆಕೆಂಡಿಗೆ 60 ಫ್ರೇಮ್ ಓಡುವ ಚಿತ್ರವನ್ನು ಒಂದೇ ಫ್ರೇಮಿನಿಂದ ಅಳೆಯಲು ಯಾರಿಗೂ ಆಗದು, ಅದಕ್ಕೂ ಆಗದು. ಎಂದೇ ಯಾವ ಯಾವ ಸಮಯದ ಚಿತ್ರ ಬೇಕು ಎಂದು ಈಗ ಮೊದಲೇ ಬರೆದುಕೊಡುತ್ತೇನೆ.

ನನಗೆ ತೀರ ಬೇಸರ ತಂದದ್ದು ಕನ್ನಡ ಅಕ್ಷರಗಳ ಸಂಗತಿ. ‘ಶಕ್ತಿ’ ಎಂಬ ಪದದ ಅಕ್ಷರಗಳು ಚದುರಿ ಮತ್ತೆ ಕೂಡಿಕೊಳ್ಳಬೇಕಿತ್ತು. ಸಹಾಯಕ ಪದವನ್ನು ಯೂನಿಕೋಡ್ ಸಂಕೇತಗಳಾಗಿ ಒಡೆಯಿತು. ಹಾಗೆ ಒಡೆದರೆ ಎರಡು ಅಕ್ಷರಗಳ ಪದ ಐದು ತುಂಡಾಗುತ್ತದೆ: ಶ, ಕ, ಒತ್ತಕ್ಷರ ಮೂಡಿಸುವ ವಿರಾಮ (್), ತ, ಗುಡಿಸು (ಿ). ಪರದೆಯ ಮೇಲೆ ತ ಒತ್ತಾಗದೆ ಪೂರ್ಣ ಅಕ್ಷರವಾಗಿ ನಿಂತಿತ್ತು. ಗುಡಿಸು ಚುಕ್ಕಿಗಳ ವೃತ್ತದ ಮೇಲೆ ಒಂಟಿಯಾಗಿತ್ತು. ಅದೇ ಚಿತ್ರವನ್ನು ನೋಡಿದ ಸಹಾಯಕ, ‘ಶಕ್ತಿ ಎಂದು ಸರಿಯಾಗಿ ಮೂಡಿದೆ’ ಎಂದು ವರದಿ ಕೊಟ್ಟಿತು. ತಾನೇ ಬರೆಸಿದ ಪದವಾದ್ದರಿಂದ ನಿರೀಕ್ಷಿಸಿದ್ದನ್ನೇ ಅಲ್ಲಿ ಓದಿಕೊಂಡಂತಿತ್ತು. ಆ ಭಾಗವನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿ, ಪದ ಯಾವುದೆಂದು ಹೇಳದೆ ಹೊಸ ಸಂಭಾಷಣೆಯಲ್ಲಿ ತೋರಿಸಿದಾಗ ದೋಷವನ್ನು ಕಂಡುಕೊಂಡಿತು. ಕನ್ನಡದಲ್ಲಿ ಶೀರ್ಷಿಕೆ ಮಾಡುವವರು ಒತ್ತಕ್ಷರ, ದೀರ್ಘ, ಅರ್ಕಾವತ್ತುಗಳನ್ನು ದಯವಿಟ್ಟು ತಾವೇ ನೋಡಿ. ಸಾವಿರ ಜನರೆದುರು ನಮ್ಮ ಲಿಪಿ ಮುರಿದು ಬೀಳಬಾರದು.

ಇನ್ನು ರಂಗಮಂದಿರ. ಪ್ರೊಜೆಕ್ಟರ್‌ನ ಕಪ್ಪು ನಿಜವಾದ ಕಪ್ಪಲ್ಲ, ತೆಳುವಾದ ಬೂದು ಬೆಳಕು. ಕಡತದಲ್ಲಿ ಗಾಢವಾಗಿ ಕಾಣುವ ಇರುಳು ಪರದೆಯ ಮೇಲೆ ಮಾಸಲಾಗುತ್ತದೆ. ದೀಪವಿನ್ಯಾಸಕರು ಒಂದು ಹಳದಿ ದೀಪ ಹಚ್ಚಿದರೆ ನಾನು ಆರಿಸಿಟ್ಟ ನೀಲಿಯೂ ಹೋಯಿತು. ಇದೊಂದೂ ಆ ಕಡತದಲ್ಲಿಲ್ಲ. ಸಹಾಯಕ ಬಣ್ಣದ ಬಗ್ಗೆ ಕೊಡುವ ಸಲಹೆಯನ್ನು ನಾನು ತಾಂತ್ರಿಕ ತಾಲೀಮಿನವರೆಗೆ ಪಕ್ಕಕ್ಕಿಡುತ್ತೇನೆ.

ಖರ್ಚಿನ ಕಡೆಯೂ ಗಮನವಿರಲಿ. ಪ್ರತಿ ಚಿತ್ರವೂ ನಿಮ್ಮ ಚಂದಾದ ಬಳಕೆಯ ಮಿತಿಯನ್ನು ತಿನ್ನುತ್ತದೆ. ಚೌಕಟ್ಟು, ಚಲನೆ ನೋಡಲು 640×360 ಗಾತ್ರ ಧಾರಾಳ. ಅಕ್ಷರಗಳಿದ್ದರೆ ಮಾತ್ರ ಆ ಭಾಗವನ್ನು ಪೂರ್ಣ ಗಾತ್ರದಲ್ಲಿ ಕೊಡಿ. ಟಚ್‌ಡಿಸೈನರ್‌ನ ಉಚಿತ ಆವೃತ್ತಿ 1280×1280ಕ್ಕೆ ಸೀಮಿತ ಮತ್ತು ಸಂಭಾವನೆಯ ಕೆಲಸಕ್ಕಲ್ಲ ಎಂಬುದು ಹೊಸಬರಿಗೆ ಗೊತ್ತಿರಲಿ. ಕಲಿಯಲು, ಈ ಪರೀಕ್ಷೆಯನ್ನು ಮಾಡಿ ನೋಡಲು ಅದೇ ಸಾಕು.

ಚಿತ್ರ ತೋರಿಸುವುದೆಂದರೆ ಅದು ನಮ್ಮ ಕಂಪ್ಯೂಟರ್ ದಾಟಿ ಹೊರಗೆ ಹೋಗುತ್ತದೆ. ಆದ್ದರಿಂದ ನಟರ ಮುಖವಿರುವ ದೃಶ್ಯಗಳಿಗೆ ಅವರ ಮತ್ತು ನಿರ್ದೇಶಕರ ಒಪ್ಪಿಗೆಯಿಲ್ಲದೆ ಈ ಸೌಲಭ್ಯ ಬಳಸುವುದಿಲ್ಲ. ಅಲ್ಲಿ ಮುಖದ ಜಾಗದಲ್ಲಿ ಬೂದು ಚೌಕ ಇಟ್ಟು, ಚಲನೆಯನ್ನಷ್ಟೇ ಪರೀಕ್ಷೆಗೆ ಕೊಡುತ್ತೇನೆ.